ಹುಳದ ಮನೆಗೆ ಕರೆದವಳು ನಾನು

ಡಿಗ್ರಿ ಎರಡನೇ ವರ್ಷದಲ್ಲಿ ನಮಗೆ ಇಂಗ್ಲಿಷ್ ಪಠ್ಯವಾಗಿ ಒಂದು ಹಳೆಯ ಅಮೆರಿಕನ್ ಕಾದಂಬರಿ ಇತ್ತು. ಹತ್ತಿ ಬೆಳೆಯುವ ಒಂದು ಊರು, ಆ ಊರಲ್ಲಿ ಒಬ್ಬ ಕಪ್ಪು ಬಡಗಿ. ಬಿಳಿಯ ಜಮೀನುದಾರನ ಹತ್ತಿ ಗೋದಾಮಿಗೆ ಬೆಂಕಿ ಬೀಳುತ್ತದೆ. ಹಚ್ಚಿದವನು ಬಡಗಿಯೇ ಎಂದು ಅವನನ್ನು ಹಿಡಿದು ಹಾಕುತ್ತಾರೆ. ಅವನು ಹಚ್ಚಲಿಲ್ಲ ಎಂದು ಓದುವವರಿಗೆ ಮೊದಲಿನಿಂದಲೂ ಗೊತ್ತು. ಅಷ್ಟೇ ಅಲ್ಲ, ಆ ಊರಿನ ಒಬ್ಬ ಬಿಳಿಯ ಹೆಂಗಸಿಗೂ ಗೊತ್ತು. ಜಮೀನುದಾರನ ಮಗನ ಕೈಯಿಂದ ಲಾಟೀನು ಜಾರಿ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ವಿಚಾರಣೆಯ ಅಷ್ಟೂ ದಿನ ಅವಳು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿರುತ್ತಾಳೆ. ಬಾಯಿ ಬಿಡುವುದಿಲ್ಲ. ಬಡಗಿಯನ್ನು ಗಲ್ಲಿಗೆ ಹಾಕುತ್ತಾರೆ.

ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಆ ಪುಸ್ತಕವನ್ನು ಯಾರೂ ಓದುತ್ತಿರಲಿಲ್ಲ. ಓದುವುದಿಲ್ಲ ಎಂದು ಮೇಷ್ಟರಿಗೂ ಗೊತ್ತಿದ್ದರಿಂದ ಮೊದಲ ದಿನವೇ ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿ ಮುಗಿಸಿದರು. ಗಲ್ಲಿಗೆ ಹಾಕಿದರು ಅಂದಾಗ ನನಗೆ ಕಣ್ಣು ತುಂಬಿ ಬಂತು. ಎದ್ದು ನಿಂತು, “ಇದು ಅನ್ಯಾಯ ಸಾರ್, ಅವನು ತಪ್ಪು ಮಾಡಿಲ್ಲ ಅಂತ ಗೊತ್ತಿದ್ದೂ ಹೆಂಗೆ ಸಾರ್ ಹಿಂಗೆ ಮಾಡ್ತಾರೆ?” ಎಂದೆ. ಹುಡುಗರು ನಕ್ಕರು. ಮೇಷ್ಟರು ನನ್ನ ಹೃದಯ ದೊಡ್ಡದು ಎಂದು ಹೊಗಳಿದರು. ಆ ಹೊಗಳಿಕೆಯನ್ನು ನಾನು ಹಾಸ್ಟೆಲಿಗೆ ಹೋಗುವವರೆಗೂ ಬಾಯಲ್ಲಿ ಪೆಪ್ಪರ್ಮೆಂಟು ಇಟ್ಟುಕೊಂಡಂತೆ ಚೀಪಿಕೊಂಡು ಹೋದೆ.

ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಮಾತ್ರ ಬೆಂಚಿನ ಮೇಲೆ ಗೀಚುತ್ತ ಸುಮ್ಮನಿದ್ದಳು. ಹೊರಗೆ ಬಂದ ಮೇಲೆ ಕೇಳಿದಳು, “ನಿಂಗೆ ಯಾಕೇ ಅಷ್ಟು ಆಶ್ಚರ್ಯ ಆಯ್ತು?”

“ಮತ್ತೆ? ಗೊತ್ತಿದ್ದೂ ಗಲ್ಲಿಗೆ ಹಾಕಿದ್ರಲ್ಲೇ!”

“ಗೊತ್ತಿದ್ದೇ ಹಾಕೋದು ಕಣೇ,” ಅಂದಳು. ಬೇಜಾರೂ ಇಲ್ಲ, ಸಿಟ್ಟೂ ಇಲ್ಲ. ಬಸ್ಸು ಎಷ್ಟು ಗಂಟೆಗೆ ಅಂತ ಹೇಳುವ ಹಾಗೆ ಹೇಳಿದಳು.

ಅವಳದ್ದೂ ನನ್ನದೂ ಒಂದೇ ಊರು. ಜಂಗಮಕೋಟೆಯಿಂದ ಒಳಗೆ ಮೂರು ಕಿಲೋಮೀಟರು. ನಮ್ಮ ಮನೆ ಊರ ನಡುವೆ, ಅವಳದ್ದು ಊರ ಕೆಳಗಿನ ಕಾಲೋನಿಯಲ್ಲಿ. ನಮ್ಮದು ಜಮೀನಿರುವ ಜಾತಿ. ಅವಳ ಜಾತಿಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಕಾಲೋನಿ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಒಂದೇ ಶಾಲೆಯಲ್ಲಿ ಓದಿದ್ದೆವು. ಕಾಲೇಜಿಗೆ ಬಂದ ಮೇಲೆ ಚಿಕ್ಕಬಳ್ಳಾಪುರದ ಈ ತುದಿಯ ಹಾಸ್ಟೆಲಿನಲ್ಲಿ ನಾನು, ಆ ತುದಿಯ ಹಾಸ್ಟೆಲಿನಲ್ಲಿ ಅವಳು. ಕ್ಲಾಸಿಗೆಲ್ಲ ಆ ಕಾದಂಬರಿಯನ್ನು ನಿಜವಾಗಿ ಓದೋಣ ಎಂದು ಹೊರಟವರು ನಾವಿಬ್ಬರೇ. ಲೈಬ್ರರಿಯಲ್ಲಿ ಇದ್ದದ್ದು ಒಂದೇ ಪ್ರತಿ. ಒಂದು ವಾರ ಅವಳು, ಒಂದು ವಾರ ನಾನು ಎಂದು ಹಂಚಿಕೊಂಡೆವು. ಅವಳು ನನಗಿಂತ ಮುಂದಿರುತ್ತಿದ್ದಳು ಅನ್ನುವುದು ನನಗೆ ಒಳಗೊಳಗೇ ಉರಿ.

ಅವಳ ತಾಯಿ ನಮ್ಮ ಮನೆಯಲ್ಲಿ ಸೊಪ್ಪಿನ ಕೆಲಸ ಮಾಡುತ್ತಿದ್ದರು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸಿ, ಗೋಣಿಚೀಲಕ್ಕೆ ತುಂಬಿ, ತಲೆ ಮೇಲೆ ಹೊತ್ತು ತಂದು, ರೇಷ್ಮೆಹುಳ ಸಾಕುವ ನಮ್ಮ ಹುಳದ ಮನೆಯ ಹೊಸಲಿನ ಹೊರಗೆ ಇಳಿಸುವುದು ಅವರ ಕೆಲಸ. ‘ಅವರು’ ಎಂದು ಈಗ ಬರೆಯುತ್ತಿದ್ದೇನೆ. ಆಗ ನಾನು, ಹತ್ತೊಂಬತ್ತರ ಹುಡುಗಿ, ನನ್ನ ಅಮ್ಮನಿಗಿಂತ ದೊಡ್ಡವರಾದ ಆ ಹೆಂಗಸನ್ನು ಹೆಸರು ಹಿಡಿದು “ಏ, ಬಾ ಇಲ್ಲಿ” ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ‘ಅಮ್ಮಣ್ಣಿ’ ಅನ್ನುತ್ತಿದ್ದರು. ಅವರ ಮಗಳು ನನ್ನ ಗೆಳತಿ. ಇದರಲ್ಲಿ ಏನಾದರೂ ವಿಚಿತ್ರ ಇದೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಹುಳದ ಮನೆಗೆ ಬಹಳ ಕಟ್ಟುಪಾಡು. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಇದು ಉಸಿರಾಟದಷ್ಟು ಸಹಜ. ಕಾಲು ತೊಳೆಯದೆ ಒಳಗೆ ಹೋಗುವ ಹಾಗಿಲ್ಲ, ಹೊಸಲಿಗೆ ಸುಣ್ಣದ ಪುಡಿ ಹಾಕಿರುತ್ತಾರೆ, ಅದನ್ನು ತುಳಿದೇ ಹೋಗಬೇಕು. ಹುಳ ಇದ್ದಾಗ ಒಗ್ಗರಣೆ ಹಾಕುವ ಹಾಗಿಲ್ಲ, ಪೌಡರು ಬಳಿದುಕೊಳ್ಳುವ ಹಾಗಿಲ್ಲ, ಊದುಬತ್ತಿ ಕೂಡ ಇಲ್ಲ. ಮುಟ್ಟಾದವರು ಆ ಕಡೆ ತಲೆ ಹಾಕುವಂತಿಲ್ಲ. ಕಾಲೋನಿಯವರಿಗೆ ಹೊಸಲಿನ ತನಕ ಮಾತ್ರ. ಇವೆಲ್ಲವನ್ನೂ ಅಜ್ಜಿ ಒಂದೇ ಉಸಿರಿನಲ್ಲಿ, ಒಂದೇ ಥರದ ಮಾತು ಅನ್ನುವ ಹಾಗೆ ಹೇಳಿಕೊಟ್ಟಿದ್ದಳು. ಯಾವುದು ಹುಳುವಿನ ಜೀವ ಉಳಿಸುವ ಮಾತು, ಯಾವುದು ಮನುಷ್ಯರನ್ನು ಹೊರಗಿಡುವ ಮಾತು ಎಂದು ಬೇರೆ ಮಾಡಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಕಾಲೇಜಿಗೆ ಹೋಗಿ ಅಮೆರಿಕದ ಅನ್ಯಾಯಕ್ಕೆ ಅತ್ತವಳಿಗೂ ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಸೊಳ್ಳೆಬತ್ತಿಯದ್ದು. ಅದರ ಹೊಗೆ ತಾಗಿದರೆ ಹುಳ ಉಳಿಯುವುದಿಲ್ಲ. ನಮ್ಮ ಊರಲ್ಲಿ ಮೂರು ವರ್ಷದ ಮಗುವಿಗೂ ಇದು ಗೊತ್ತು. ಎಷ್ಟು ಸೊಳ್ಳೆ ಕಚ್ಚಿದರೂ ನಮ್ಮ ಮನೆಗಳಲ್ಲಿ ಬತ್ತಿ ತರುವುದಿಲ್ಲ.

ಅದೊಂದು ಶನಿವಾರ ನಾನೂ ಗೆಳತಿಯೂ ಊರಿಗೆ ಬಂದಿದ್ದೆವು. ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮೊದಲಿನ ಆ ಕೊನೆಯ ವಾರದ ಹಸಿವು. ಹಗಲೂ ರಾತ್ರಿ ತಿನ್ನುತ್ತವೆ. ಮಳೆ ಹನಿಯುವ ಹಾಗೆ ಸದ್ದು ಬರುತ್ತದೆ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ತರಲು ಅಪ್ಪ ದಿಬ್ಬೂರಹಳ್ಳಿಗೆ ಹೋಗಿದ್ದರು. ಅಮ್ಮ ಪೆರೇಸಂದ್ರದಲ್ಲಿ ಯಾರೋ ತೀರಿಕೊಂಡರೆಂದು ಹೋಗಿದ್ದಳು. “ನಾಲ್ಕು ಗಂಟೆಗೆ ಸೊಪ್ಪು ಹಾಕ್ಬಿಡಮ್ಮ, ಮರೀಬೇಡ,” ಎಂದು ಇಬ್ಬರೂ ಒಂದೊಂದು ಸಲ ಹೇಳಿ ಹೋದರು.

ಸೋಮವಾರ ಪುಸ್ತಕ ಗೆಳತಿಯ ಕೈಗೆ ಹೋಗಬೇಕಿತ್ತು. ವಿಚಾರಣೆಯ ಭಾಗ ನಡೆಯುತ್ತಿತ್ತು. ಹುಳದ ಮನೆಗೆ ತಾಗಿಕೊಂಡ ಒಂದು ಸಣ್ಣ ಕೋಣೆ ಇದೆ, ಸೊಪ್ಪಿನ ಚೀಲಗಳನ್ನು ತಂಪಾಗಿಡುವ ಕೋಣೆ. ಬೇಸಿಗೆಯಲ್ಲಿ ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಒದ್ದೆ ಗೋಣಿಯಲ್ಲಿ ಸೊಳ್ಳೆ, ಅಬ್ಬಬ್ಬಾ! ಕಾಲು, ಕುತ್ತಿಗೆ ಎಲ್ಲ ಕಡೆ ಕಚ್ಚಿ ಒಂದು ಪುಟ ಓದಲು ಬಿಡಲಿಲ್ಲ. ನನ್ನ ಕಾಲೇಜ್ ಬ್ಯಾಗಿನಲ್ಲಿ ಹಾಸ್ಟೆಲಿನಿಂದ ಬಂದ ಬತ್ತಿಯ ಒಂದು ತುಂಡು ಇತ್ತು.

ಗೊತ್ತಿರಲಿಲ್ಲವೇ? ಗೊತ್ತಿತ್ತು. ನಡುವೆ ಬಾಗಿಲು ಇದೆಯಲ್ಲ ಅಂದುಕೊಂಡೆ. ಬೆರಳುದ್ದದ ತುಂಡು, ಅರ್ಧ ಗಂಟೆ, ಏನಾಗಿಬಿಡುತ್ತೆ ಅಂದುಕೊಂಡೆ. ಹಚ್ಚಿದೆ.

ನಾಲ್ಕು ಗಂಟೆಗೆ ಗೆಳತಿಯ ತಾಯಿ ಸೊಪ್ಪಿನ ಚೀಲ ಇಳಿಸಿ ಹೊಸಲಿನ ಹೊರಗೆ ನಿಂತು ಕರೆದರು. “ಅಮ್ಮಣ್ಣಿ, ಸೊಪ್ಪು ತಂದೀನಿ. ಹಾಕ್ಬಿಡಮ್ಮ, ಹುಳ ತಲೆ ಎತ್ತಿ ನೋಡ್ತಾವೆ.” ಆ ಹೊತ್ತಿಗೆ ಬಡಗಿಯ ಪರ ವಕೀಲ ಮಾತಾಡಲು ಎದ್ದಿದ್ದ. ಹಿಂದಿನ ಬೆಂಚಿನಲ್ಲಿ ಆ ಹೆಂಗಸು ಬೀಸಣಿಗೆ ಬೀಸುತ್ತಿದ್ದಳು. ಇವಳು ಈಗಲಾದರೂ ಎದ್ದು ಹೇಳುತ್ತಾಳೇನೋ ಎಂದು, ಕಥೆ ಗೊತ್ತಿದ್ದೂ, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ತಲೆ ಎತ್ತದೆ ಅಂದೆ, “ನೀನೇ ಒಳಗೆ ಹೋಗಿ ಹಾಕ್ಬಿಡು.”

“ಅಯ್ಯೋ, ಬ್ಯಾಡಮ್ಮ. ಅಪ್ಪೋರು ನೋಡಿದ್ರೆ?”

“ಯಾರೂ ಇಲ್ಲ ಹೋಗೇ. ನಾನೇ ಹೇಳ್ತಿದೀನಲ್ಲ!”

ಅವರು ಇನ್ನೂ ಸ್ವಲ್ಪ ಹೊತ್ತು ನಿಂತರು. ನಾನು ಇನ್ನೊಂದು ಸಲ, ಈ ಬಾರಿ ಗದರಿಸಿ ಹೇಳಿದೆ. ಕಾಲು ತೊಳೆದ ಸದ್ದು ಕೇಳಿಸಿತು. ಮತ್ತೂ ಒಂದು ಸಲ ತೊಳೆದರು. ಆಮೇಲೆ ತಟ್ಟೆಗಳ ಮೇಲೆ ಸೊಪ್ಪು ಹರಡುವ ಸದ್ದು ಬಂತು. ನಾನು ಪುಟ ತಿರುಗಿಸಿದೆ. ಆ ಹೆಂಗಸು ಬಾಯಿ ಬಿಡಲಿಲ್ಲ. ಸಿಟ್ಟು ತಡೆಯಲಾರದೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ‘ಥೂ ನಿನ್ನ ಜನ್ಮಕ್ಕೆ’ ಎಂದು ಬರೆದೆ.

ಸಂಜೆ ಅಪ್ಪ ಚಂದ್ರಿಕೆ ಇಳಿಸಿ ಹುಳದ ಮನೆಗೆ ಹೋದರು. ಹೋದವರು ಹೊರಗೆ ಬರಲೇ ಇಲ್ಲ. ಆಗಷ್ಟೇ ಪೆರೇಸಂದ್ರದಿಂದ ಬಂದಿದ್ದ ಅಮ್ಮ ಹೋದಳು, ಅವಳ ಕೂಗು ಕೇಳಿಸಿತು. ನಾನು ಓಡಿದೆ. ತಟ್ಟೆ ತಟ್ಟೆಯಲ್ಲೂ ಹುಳ ತಲೆ ಎತ್ತಿ ಎತ್ತಿ ಕೊಡವುತ್ತಿದ್ದವು. ಬಾಯಿಂದ ಹಸಿರು ನೀರು ಬರುತ್ತಿತ್ತು. ಬೆರಳುದ್ದ ಬೆಳೆದಿದ್ದ ಹುಳ ಮುದುರಿ ಮುದುರಿ ಅರ್ಧ ಆಗಿದ್ದವು. ಅಪ್ಪ ಒಂದು ತಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದೇ ಒಂದು ಹುಳವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ನನ್ನ ಅಪ್ಪ ಅಳುವುದನ್ನು ಅದಕ್ಕಿಂತ ಮೊದಲು ನಾನು ನೋಡಿರಲಿಲ್ಲ.

ನನಗೆ ಆ ಕ್ಷಣಕ್ಕೇ ತಿಳಿದುಹೋಯಿತು. ಹೇಳಬೇಕು, ಈಗಲೇ ಹೇಳಬೇಕು ಅಂದುಕೊಳ್ಳುತ್ತ ನಿಂತೇ ಇದ್ದೆ.

ಅಕ್ಕಪಕ್ಕದವರು ಬಂದರು. ಅಂಗಳ ತುಂಬಿತು. ಒಬ್ಬರು ಪಕ್ಕದ ತೋಟದವರು ಔಷಧಿ ಹೊಡೆದರೇನೋ ಅಂದರು. ಇಲ್ಲ, ಹೊಡೆದಿಲ್ಲ ಎಂದು ಆ ತೋಟದವರೇ ಹೇಳಿದರು. ಆಗ ಒಬ್ಬ ಮುದುಕಿ ಕೇಳಿದಳು, “ಇವತ್ತು ಒಳಕ್ಕೆ ಯಾರು ಹೋಗಿದ್ರು?” ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ ಬಹಳ ಮೆತ್ತಗೆ ಕೇಳಿದರು, “ನಾಲ್ಕು ಗಂಟೆ ಸೊಪ್ಪು ನೀನೇ ಹಾಕಿದ್ಯಾ ಅಮ್ಮ?”

“ಇಲ್ಲ. ಅವಳು ಹಾಕಿದ್ಲು,” ಎಂದೆ.

ನೋಡಿ, ನಾನು ಸುಳ್ಳು ಹೇಳಲಿಲ್ಲ. ಅಕ್ಷರ ಅಕ್ಷರ ನಿಜ. ಇಂಥ ನಿಜವನ್ನು ಅಷ್ಟು ಬೇಗ ಹುಡುಕಿ ನಾಲಿಗೆಗೆ ತಂದುಕೊಳ್ಳುವ ಚುರುಕು ನನಗೆ ಎಲ್ಲಿಂದ ಬಂತೋ. ಅಂಗಳದಲ್ಲಿ ಒಂದು ದೊಡ್ಡ ‘ಹಾ’ ಎದ್ದಿತು, ಕಾಯಿಲೆ ಯಾವುದೆಂದು ಡಾಕ್ಟರು ಹೇಳಿದಾಗ ನೆಂಟರು ಬಿಡುವ ಉಸಿರಿನ ಹಾಗೆ. ಆಮೇಲೆ ಯಾರೂ ಬೇರೆ ಕಾರಣ ಹುಡುಕಲಿಲ್ಲ.

ಅವರನ್ನು ಕರೆಸಿದರು. ಹಿಂದೆ ಮಗಳೂ ಬಂದಳು, ನನ್ನ ಗೆಳತಿ. ಇಬ್ಬರೂ ಅಂಗಳದ ಆಚೆ ನಿಂತರು. ತಾಯಿ ನನ್ನ ಮುಖ ನೋಡಿದರು. “ಸೊಪ್ಪು ಹಾಕ್ದೆ ಕಣಪ್ಪ. ಕಾಲು ತೊಳ್ಕೊಂಡೇ ಹೋದೆ. ಅಮ್ಮಣ್ಣಿ…” ಎಂದು ಶುರು ಮಾಡಿ ನಿಲ್ಲಿಸಿದರು. ಉಳಿದದ್ದನ್ನು ನಾನು ಹೇಳುತ್ತೇನೆ ಎಂದು ಕಾದರು. ನಾನು ನೆಲ ನೋಡುತ್ತಿದ್ದೆ. ಗೆಳತಿ ಕೂಡ ನನ್ನನ್ನೇ ನೋಡುತ್ತಿದ್ದಾಳೆ ಎಂದು ತಲೆ ಎತ್ತದೆಯೂ ಗೊತ್ತಾಗುತ್ತಿತ್ತು.

ಅಪ್ಪ ಬೈಯಲಿಲ್ಲ, ಕೈ ಎತ್ತಲಿಲ್ಲ. “ನಾಳೆಯಿಂದ ಬರಬೇಡ,” ಅಂದರು, ಅಷ್ಟೇ. ಇದನ್ನು ಅವರು ಆಮೇಲೆ ಎಷ್ಟೋ ಸಲ ಹೇಳಿಕೊಂಡರು: “ಬೇರೆಯೋರಾಗಿದ್ರೆ ಏನು ಮಾಡ್ತಿದ್ರೋ. ನಾನು ಒಂದು ಮಾತು ಬೈದ್ನಾ?” ಬೈಯಲಿಲ್ಲ ನಿಜ. ಮರುದಿನ ಸತ್ತ ಹುಳವನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚುವ ಹೊತ್ತಿಗೆ, ಆ ಹೆಂಗಸಿನ ಕೈ ತಾಗಿದರೆ ಹುಳ ಸಾಯುತ್ತೆ ಅನ್ನುವ ಮಾತು ಸುತ್ತಲಿನ ಐದಾರು ಹಳ್ಳಿಗೆ ಮುಟ್ಟಿತ್ತು. ನಮ್ಮ ಕಡೆ ಮನೆಮನೆಯಲ್ಲೂ ಹುಳವೇ. ಸೊಪ್ಪಿನ ಕೆಲಸ ಬಿಟ್ಟರೆ ಹೆಂಗಸರಿಗೆ ವರ್ಷಪೂರ್ತಿ ಸಿಗುವ ಕೆಲಸ ಬೇರೆ ಯಾವುದಿದೆ? ಒಬ್ಬರೂ ಅವರನ್ನು ತೋಟಕ್ಕೆ ಸೇರಿಸಲಿಲ್ಲ.

ಗೆಳತಿ ಸೋಮವಾರ ಕಾಲೇಜಿಗೆ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಗೌರಿಬಿದನೂರಿನಲ್ಲಿ ಅವಳ ಚಿಕ್ಕಮ್ಮ ಇದ್ದರು; ಅಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿದಳು ಎಂದು ಕ್ಲಾಸಿನಲ್ಲಿ ಯಾರೋ ಹೇಳಿದರು. ಆ ಪುಸ್ತಕ ನನ್ನ ಹತ್ತಿರವೇ ಉಳಿಯಿತು. ಪರೀಕ್ಷೆಯಲ್ಲಿ ಆ ಬೀಸಣಿಗೆ ಹೆಂಗಸಿನ ಬಗ್ಗೆ ಒಂದು ಪುಟ ಬರೆದೆ. ಗೊತ್ತಿದ್ದೂ ಸುಮ್ಮನಿರುವವರೇ ನಿಜವಾದ ಅಪರಾಧಿಗಳು ಎಂದು ಬರೆದೆ. ಅದನ್ನು ನೆನೆದರೆ ಈಗ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ. ಆ ವರ್ಷ ಇಂಗ್ಲಿಷಿನಲ್ಲಿ ನಾನೇ ಕಾಲೇಜಿಗೆ ಮೊದಲು ಬಂದೆ.

ಎರಡು ವರ್ಷದ ಮೇಲೆ ಯಾವುದೋ ಪರೀಕ್ಷೆಗೆಂದು ಗೌರಿಬಿದನೂರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಕುತ್ತಿಗೆಯಲ್ಲಿ ಕಾರ್ಖಾನೆಯ ಗುರುತಿನ ಚೀಟಿ, ಕೈಯಲ್ಲಿ ಬುತ್ತಿ ಡಬ್ಬಿ. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಅವಳೇ ಮೊದಲು ಮಾತಾಡಿಸಿದಳು. ಅಮ್ಮ ಹೇಗಿದ್ದಾರೆ ಎಂದೆ. “ಇದಾಳೆ,” ಅಂದಳು. ಬುತ್ತಿ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಕೇಳಿದಳು, “ಆ ಬುಕ್ಕು ಪೂರ್ತಿ ಓದಿದ್ಯಾ?”

“ಓದ್ದೆ.”

“ನಾನು ಅರ್ಧಕ್ಕೆ ನಿಲ್ಸಿದ್ದೆ. ಸಾರ್ ಎಲ್ಲಾ ಹೇಳಿದ್ರು, ಇದೊಂದು ಹೇಳ್ಲಿಲ್ಲ. ಗಲ್ಲಿಗೆ ಹಾಕಿದ್ಮೇಲಾದ್ರೂ ಆ ಹೆಂಗ್ಸು ಯಾರಿಗಾದ್ರೂ ಹೇಳಿದ್ಲಾ?”

“ಇಲ್ಲ.”

“ಹ್ಞೂಂ. ಪೋನೀ ಬಿಡು,” ಅಂದಳು. ಅವರ ಮನೆಮಾತು ತೆಲುಗು. ಹೋಗಲಿ ಅನ್ನುವುದನ್ನು ಯಾವಾಗಲೂ ತೆಲುಗಿನಲ್ಲೇ ಅನ್ನುತ್ತಿದ್ದಳು. ಅವಳ ಬಸ್ಸು ಬಂತು, ಹತ್ತಿದಳು. ಹೇಳುವುದಕ್ಕೆ ನನಗೆ ಪೂರಾ ಕಾಲು ಗಂಟೆ ಸಿಕ್ಕಿತ್ತು. ನಾನು ಅಷ್ಟು ಹೊತ್ತೂ ಬಿಸಿಲು ಜಾಸ್ತಿ, ಪರೀಕ್ಷೆ ಕಷ್ಟ ಅಂತ ಮಾತಾಡಿದ್ದೆ.

ಈಗ ನಾನು ಚಿಂತಾಮಣಿಯ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. ಏನು ಗ್ರಹಚಾರವೋ, ನನಗೆ ಪಾಠ ಮಾಡಲು ಸಿಕ್ಕಿದ್ದೂ ಅದೇ ಕಾದಂಬರಿ. ಏಳು ವರ್ಷದಿಂದ ಮಾಡುತ್ತಿದ್ದೇನೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಿ ಕಿಟಕಿ ಆಚೆ ನೋಡಬೇಕು ಎಲ್ಲ ರೂಢಿಯಾಗಿದೆ. ಪ್ರತಿ ವರ್ಷ ಒಂದಿಬ್ಬರು ಹುಡುಗಿಯರು ಅಳುತ್ತಾರೆ. “ಗೊತ್ತಿದ್ದೂ ಹೆಂಗೆ ಮೇಡಂ?” ಎಂದು ಕೇಳುತ್ತಾರೆ. ಉತ್ತರ ಹೇಳಬೇಕಾದವಳು ಅವರ ಮುಂದೆಯೇ ಚಾಕ್‌ಪೀಸು ಹಿಡಿದು ನಿಂತಿರುತ್ತಾಳೆ. ಅದು ಆ ಕಾಲ, ಅದು ಆ ದೇಶ ಎಂದು ಏನೋ ಹೇಳಿ ಗಂಟೆ ಹೊಡೆಯುವವರೆಗೆ ತಳ್ಳುತ್ತೇನೆ.

ಹೋದ ತಿಂಗಳು ಭಾನುವಾರ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಿದ್ದೆವು. ಅಪ್ಪನ ಮೊಬೈಲಿಗೆ ಯಾರದೋ ಫೋನು ಬಂತು. ಅಪ್ಪ ತುತ್ತು ಕೈಯಲ್ಲೇ ಹಿಡಿದು ಮಾತಾಡಿದರು. ಹೊಸದಾಗಿ ಹುಳದ ಮನೆ ಕಟ್ಟಿಸಿದವರು ಯಾರೋ, ಸೊಪ್ಪು ಬಿಡಿಸಲು ಆಳು ಹುಡುಕುತ್ತಿದ್ದರು. ಗೆಳತಿಯ ತಾಯಿ ಅವರ ಹತ್ತಿರ ಕೆಲಸ ಕೇಳಿಕೊಂಡು ಹೋಗಿದ್ದರಂತೆ. ಸೇರಿಸಿಕೊಳ್ಳಲೋ ಬೇಡವೋ ಎಂದು ಕೇಳಲು ಫೋನು. ಅಪ್ಪ ನಗುತ್ತ ಹೇಳಿದರು, “ಬೇಡಪ್ಪ. ಅವಳ ಕೈ ನಿಂಗೆ ಗೊತ್ತಿಲ್ವಾ? ನಮ್ಮನೇಲಿ ಆಗಿದ್ದು ಸಾಲ್ದಾ?” ಫೋನಿಟ್ಟು ನನಗೆ ಅಂದರು, “ಸಾರು ಹಾಕಿಸ್ಕೊಳ್ಳಮ್ಮ.”

ತಟ್ಟೆ ಪಕ್ಕಕ್ಕೆ ಸರಿಸಿದೆ. ಇಷ್ಟು ವರ್ಷ ಆದ ಮೇಲೂ! ಮುಗಿದುಹೋಯಿತು, ಎಲ್ಲರೂ ಮರೆತಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಮರೆತವಳು ನಾನೊಬ್ಬಳೇ. ಆ ಹೆಂಗಸು ಆ ಮಾತನ್ನು ಹೊತ್ತುಕೊಂಡೇ ಮನೆ ಮನೆ ಬಾಗಿಲು ತಟ್ಟುತ್ತಿದ್ದರು, ನನ್ನ ಅಪ್ಪ ಊಟ ಮಾಡುತ್ತ ಮಾಡುತ್ತ ಆ ಬಾಗಿಲುಗಳನ್ನು ಮುಚ್ಚಿಸುತ್ತಿದ್ದರು.

ಕೈ ತೊಳೆದು ನೇರ ಕಾಲೋನಿಗೆ ಹೋದೆ. ನಾಚಿಕೆಯ ವಿಷಯ, ಆ ಮನೆ ಯಾವುದೆಂದು ಕೇಳಬೇಕಾಯಿತು. ಹುಟ್ಟಿದಾಗಿನಿಂದ ಅದೇ ಊರು, ಆ ಮನೆಗೆ ಒಂದು ದಿನವೂ ಹೋಗಿರಲಿಲ್ಲ. ಅವರು ಹಸುವಿಗೆ ನೀರಿಡುತ್ತಿದ್ದರು. ಮಂಡಿ ಸೊಟ್ಟಗಾಗಿದೆ, ಗೋಡೆ ಹಿಡಿದು ನಡೆಯುತ್ತಾರೆ. ಮೇಡಮ್ಮ ಬಂದಳು ಎಂದು ಕುರ್ಚಿ ಹುಡುಕಲು ಹೋದರು. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಬತ್ತಿ ಹಚ್ಚಿದ್ದು ನಾನು, ಒಳಗೆ ಕರೆದದ್ದು ನಾನು, ಸುಮ್ಮನಿದ್ದದ್ದು ನಾನು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅತ್ತಾಗ ಒಳಗೆ ಎಲ್ಲೋ ಒಂದು ಕಡೆ ಹಗುರವಾಯಿತು ಅನ್ನುವುದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ.

ಅವರು ಬಕೆಟ್ಟು ಕೆಳಗಿಟ್ಟು ನನ್ನನ್ನೇ ನೋಡಿದರು. “ಬತ್ತಿ ವಾಸ್ನೆ ಅವತ್ತೇ ಬಂದಿತ್ತಮ್ಮ ನಂಗೆ. ಸೊಪ್ಪು ಹಾಕೋವಾಗ್ಲೇ. ನಿನ್ನ ಕೇಳಣ ಅಂದ್ಕೊಂಡೆ. ನೀನು ಓದ್ತಿದ್ದೆ, ಮೊದ್ಲೇ ಗದರಿದ್ದೆ.”

“ಮತ್ತೆ ಅಂಗಳದಲ್ಲಿ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ? ನಿನ್ನ ಮಾತಿರ್ತಿತ್ತು, ನನ್ನ ಮಾತಿರ್ತಿತ್ತು. ಬರ್ತಾ ದಾರೀಲಿ ಮಗಳಿಗೆ ವಾಸ್ನೆ ವಿಷ್ಯ ಹೇಳಿದ್ದೆ, ಅವಳೇ ಸೆರಗು ಹಿಡ್ಕೊಂಡು ಎಳೆದ್ಲು, ಬ್ಯಾಡಮ್ಮ ಅಂತ.”

ಅಂದರೆ ಗೆಳತಿಗೂ ಗೊತ್ತಿತ್ತು. ಗೌರಿಬಿದನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕೇಳಿದ್ದು ಪುಸ್ತಕದ ಹೆಂಗಸಿನ ಬಗ್ಗೆ ಅಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಕ್ಷಮಿಸಿ ಎಂದೆ. ಅವರಿಗೆ ಸಿಟ್ಟು ಬಂದದ್ದು ಆಗ.

“ನಂಗೆ ಬಂದು ಹೇಳ್ತೀಯಲ್ಲಮ್ಮ, ನಾನು ಸಾಯಿಸ್ಲಿಲ್ಲ ಅಂತ ನಂಗೆ ಗೊತ್ತಿಲ್ವಾ? ಗೊತ್ತಿಲ್ದೋರಿಗೆ ಹೇಳು. ಸಂಜೆ ಡೈರಿ ಹತ್ರ ಎಲ್ಲಾ ಇರ್ತಾರೆ, ನಿಮ್ಮಪ್ಪನೂ ಇರ್ತಾನೆ. ಅಲ್ಲಿ ಹೇಳು. ಇಲ್ಲಿ ಅತ್ರೆ ನಂಗೇನು ಕೆಲ್ಸ ಸಿಗ್ತದಾ?”

ಸಂಜೆ ಡೈರಿಗೆ ಹೋದೆ. ಊರಿನ ಹಾಲೆಲ್ಲ ಅಲ್ಲಿಗೇ ಬರುತ್ತದೆ. ಹತ್ತು ಹನ್ನೆರಡು ಜನ ಕ್ಯಾನು, ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದರು. ಅಪ್ಪ ಮುಂದಿದ್ದರು. ಗೆಳತಿಯ ತಾಯಿ ಎಲ್ಲರಿಗಿಂತ ಕೊನೆಗೆ, ಸ್ವಲ್ಪ ಅಂತರ ಬಿಟ್ಟು ನಿಂತಿದ್ದರು. ಕ್ಲಾಸಿನಲ್ಲಿ ನೂರು ಜನರ ಮುಂದೆ ಮಾತಾಡುವ ನನಗೆ ನನ್ನ ಊರಿನ ಹತ್ತು ಜನರ ಮುಂದೆ ದನಿಯೇ ಹೊರಡಲಿಲ್ಲ. ಹೇಗೋ ಹೇಳಿದೆ. “ಅಪ್ಪ, ಅವತ್ತು ಹುಳ ಸತ್ತಿದ್ದು ನನ್ನಿಂದ. ಸೊಪ್ಪಿನ ಕೋಣೇಲಿ ಸೊಳ್ಳೆಬತ್ತಿ ಹಚ್ಚಿದ್ದೆ. ಇವರದ್ದೇನೂ ತಪ್ಪಿಲ್ಲ. ಎಲ್ಲರೂ ಕೇಳಿಸ್ಕೊಳ್ಳಿ.”

ಹಾಲು ಅಳೆಯುತ್ತಿದ್ದ ಸೆಕ್ರೆಟರಿ ಕೈ ನಿಲ್ಲಿಸಿದ. ಅಪ್ಪನ ಮುಖ ಕೆಂಪಗಾಯಿತು. “ಏನಮ್ಮ ಇದು, ಬೀದೀಲಿ ನಿಂತ್ಕೊಂಡು. ಮನೆಗೆ ನಡಿ,” ಅಂದರು.

“ಇಲ್ಲಪ್ಪ. ಇವರ ಕೈಯಿಂದ ಹುಳ ಸಾಯಲ್ಲ ಅಂತ ಹೇಳಿ. ಮಧ್ಯಾಹ್ನ ಫೋನ್ ಮಾಡಿದೋರಿಗೂ ಹೇಳಿ.”

ಸಾಲಿನಲ್ಲಿದ್ದ ಒಬ್ಬರು, ನನ್ನನ್ನು ಎತ್ತಿ ಆಡಿಸಿದವರೇ, ಸಮಾಧಾನ ಮಾಡುವ ದನಿಯಲ್ಲಿ ಅಂದರು, “ಬತ್ತಿ ಹಚ್ಚಿದ್ದೆ, ಸರಿ. ಚಿಕ್ಕ ಹುಡುಗಿ, ಗೊತ್ತಾಗ್ಲಿಲ್ಲ. ಆದ್ರೂ ಅವಳು ಒಳಗೆ ಹೋಗಿದ್ದು ಹೋಗಿದ್ದೇ ಅಲ್ವಾ?” ಮೂರ್ನಾಲ್ಕು ತಲೆ ಹೌದು ಹೌದು ಎಂದು ಆಡಿದವು.

“ನಾನೇ ಕರೆದಿದ್ದು!” ಎಂದು ಕೂಗಿದೆ. “ಬರಲ್ಲ ಅಂದ್ರು. ಗದರಿಸಿ ಕಳಿಸಿದ್ದು ನಾನು.”

ಅಪ್ಪ ಖಾಲಿ ಕ್ಯಾನನ್ನು ಕೈಗೆ ತೆಗೆದುಕೊಂಡರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ನನ್ನನ್ನು ಉಳಿಸಿಕೊಳ್ಳಬೇಕು ಅನ್ನುವ ಅಕ್ಕರೆಯೇ ಅವರ ದನಿಯಲ್ಲಿತ್ತು. “ನೀನು ಕರೆದೆ, ಸರಿ ಬಿಡಮ್ಮ. ಕರೆದ್ರೆ ಬಂದುಬಿಡೋದಾ ಅವಳು?”

ಆಗ ಸಾಲಿನ ಕೊನೆಯಿಂದ ಗೆಳತಿಯ ತಾಯಿ ಕೇಳಿದರು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. “ಬರಲ್ಲ ಅಂತ ಗಟ್ಟಿಯಾಗಿ ನಿಂತಿದ್ರೆ ಅವತ್ತು ಏನು ಮಾಡ್ತಿದ್ದಪ್ಪ ನೀನು?”

ಅಪ್ಪ ಕ್ಯಾನಿನ ಮುಚ್ಚಳ ಒತ್ತಿ ಹಾಕಿದರು. ಸೆಕ್ರೆಟರಿ, “ಹಾಲು ಹಾಕಿ, ಹಾಲು ಹಾಕಿ, ವ್ಯಾನ್ ಬರೋ ಹೊತ್ತಾಯ್ತು,” ಎಂದು ಅವಸರ ಮಾಡಿದ. ಸಾಲು ಮುಂದೆ ಸರಿಯಿತು. ಉತ್ತರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅಪ್ಪನಿಗೂ, ನನಗೂ. ಹೇಳಿದ ಮಾತು ಕೇಳಲಿಲ್ಲ, ಮನೆ ಮಗಳಿಗೆ ಎದುರಾಡಿದಳು ಎಂದು ಅವತ್ತೇ ಕೆಲಸ ಬಿಡಿಸುತ್ತಿದ್ದರು.